ಎರಡು ಅಳತೆ ದೊಡ್ಡ ಅಂಗಿ

ಬೆಳಗಿನ ಆರು ಗಂಟೆ. ಮೋಟೆಬೆನ್ನೂರಿನ ಹಳೇ ಮನೆಯೊಂದರ ಹಿತ್ತಲಲ್ಲಿ ಮೈಲವ್ವ ಹೊಚ್ಚ ಹೊಸ ಖಾದಿ ಅಂಗಿಯೊಂದನ್ನು ಒಗೆಯುವ ಕಲ್ಲಿನ ಮೇಲೆ ಹಾಸಿಕೊಂಡು ತಿಕ್ಕುತ್ತಿದ್ದಾರೆ. ಕೈಯಲ್ಲಿ ಸಾಬೂನಿಲ್ಲ, ಇಟ್ಟಂಗಿಯ ಚೂರು. ಕೊರಳಪಟ್ಟಿ ಎಳೆಯೆಳೆಯಾಗಿ ಸವೆದ ಮೇಲೆ ಅಂಗಿಯನ್ನು ಚಹಾಪುಡಿ ಕುದಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ತೋಳಿನ ತುದಿಗೆ ಒಂದಿಷ್ಟು ಕರಿಮಣ್ಣು ಸವರುತ್ತಾರೆ. ಇಲ್ಲಿ ನಡೆಯುತ್ತಿರುವುದು ಸ್ವಾತಂತ್ರ್ಯ ಚಳವಳಿಯ ಕಾಲದ ಕಥೆಯುಳ್ಳ ಧಾರಾವಾಹಿಯೊಂದರ ಚಿತ್ರೀಕರಣ. ಅದರ ಸಹಾಯಕ ನಿರ್ದೇಶಕ ಸಮೀರ ಹಲ್ಲುಜ್ಜುತ್ತ ಬಂದವರು ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ನಿಂತುಬಿಡುತ್ತಾರೆ.

"ಅಕ್ಕಾರ, ಅದು ನೀವು ನಿನ್ನೆ ಹೊಲದು ತಂದ ಅಂಗಿ ಅಲ್ರೀ?"

"ಹೌದ್ರಿ, ಅದಕ್ಕ ಕೆಡಸಾಕತ್ತೇನಿ," ಎನ್ನುತ್ತಾರೆ ಮೈಲವ್ವ, ತಲೆ ಎತ್ತದೆ. "ಜೈಲಿನಿಂದ ಬರೋ ಮನಷ್ಯಾ ಅಂಗಡ್ಯಾಗಿನ ಗೊಂಬಿಹಂಗ ಬರ್ತಾನೇನ್ರಿ?"

ಕುಪ್ಪೇಲೂರಿನ ಮೈಲವ್ವ ಅವರಿಗೆ ಈಗ ನಲವತ್ತೊಂದು. ಇಪ್ಪತ್ತು ವರ್ಷಗಳಿಂದ ಊರಿನ ಹೆಂಗಸರ ಕುಪ್ಪಸ ಹೊಲಿಯುತ್ತ ಬಂದವರು. ಸದ್ಯ ಹಾವೇರಿಯ ಕಾಲೇಜೊಂದರಲ್ಲಿ ಸಿನಿಮಾ ಮತ್ತು ಕಿರುತೆರೆಯ ವಸ್ತ್ರವಿನ್ಯಾಸ ಕಲಿಯುವ ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದಾರೆ. ಇಂದು ಅವರ ಕೊನೆಯ ಪ್ರಾಯೋಗಿಕ ಪರೀಕ್ಷೆ. ಧಾರಾವಾಹಿಯ ಒಂದೊಂದು ಪಾತ್ರಕ್ಕೆ ಒಬ್ಬೊಬ್ಬ ವಿದ್ಯಾರ್ಥಿ ಉಡುಪು ಸಿದ್ಧಮಾಡಬೇಕು. ಮೈಲವ್ವ ಅವರ ಪಾಲಿಗೆ ಬಂದಿರುವುದು ಒಂದೂವರೆ ವರ್ಷ ಸೆರೆಮನೆಯಲ್ಲಿದ್ದು ಊರಿಗೆ ಮರಳುವ ಯುವಕನ ಪಾತ್ರ.

ಕಾಲೇಜಿನ ಮೆಟ್ಟಿಲು ಹತ್ತಿದ ಕಥೆ ಕೇಳಿದರೆ ಅವರಿಗೇ ನಗು. 2006ರ ಜೂನ್‌ನಲ್ಲಿ ಮಗಳು ಐಶ್ವರ್ಯಳನ್ನು ಬಿ.ಕಾಂಗೆ ಸೇರಿಸಲು ಹಾವೇರಿಗೆ ಹೋಗಿದ್ದರು. ಮಗಳ ಅರ್ಜಿ ತುಂಬುವಷ್ಟರಲ್ಲಿ ಗೋಡೆಗೆ ಅಂಟಿಸಿದ್ದ ಹೊಸ ಕೋರ್ಸಿನ ಪ್ರಕಟಣೆ ತಾಯಿಯ ಕಣ್ಣಿಗೆ ಬಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು ಎಂದಿತ್ತು. "ನಂದು ಪಾಸಾಗೈತಿ. ವಯಸ್ಸು ಎಷ್ಟಿರಬೇಕಂತ ಅದರಾಗ ಬರದಿರಲಿಲ್ರಿ. ಕೇಳೇಬಿಟ್ಟೆ. ಗುಮಾಸ್ತರು ಹಾಳಿ ಹಿಂದ ಮುಂದ ಹೊಳ್ಳಿಸಿ ನೋಡಿ, ಎಲ್ಲೂ ಇಲ್ರಿ ಅಂದ್ರು. ಹಂಗಾರ ನನಗೂ ಒಂದು ಅರ್ಜಿ ಕೊಡ್ರಿ ಅಂದೆ."

ಪತಿ ಫಕ್ಕೀರೇಶ ಮೊದಲು ಇದನ್ನು ಚೇಷ್ಟೆ ಎಂದುಕೊಂಡರು. ಖರೇ ಎಂದು ತಿಳಿದ ಮರುದಿನ ಎಮ್ಮೆ ಹಿಂಡುವ ಕೆಲಸವನ್ನು ತಾವೇ ವಹಿಸಿಕೊಂಡರು.

ಮೈಲವ್ವ ಅವರ ದಿನ ನಾಲ್ಕಕ್ಕೆ ಶುರು. ಮೊದಲು ದಿನಕ್ಕೆ ಎಂಟು ಕುಪ್ಪಸ ಹೊಲಿಯುತ್ತಿದ್ದರು, ಈಗ ಮೂರು. ರಾಣೆಬೆನ್ನೂರಿಗೊಂದು ಬಸ್ಸು, ಅಲ್ಲಿಂದ ಹಾವೇರಿಗೆ ಇನ್ನೊಂದು. ತರಗತಿಯಲ್ಲಿ ಇಪ್ಪತ್ತೆರಡು ಮಂದಿ. ಅವರನ್ನು ಬಿಟ್ಟರೆ ಎಲ್ಲರಿಗಿಂತ ದೊಡ್ಡವಳಿಗೆ ಇಪ್ಪತ್ತು.

ಹೊಲಿಗೆ ಗೊತ್ತಿದ್ದರೂ ಚಿತ್ರ ಬಿಡಿಸುವುದು ಗೊತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಐವತ್ತಕ್ಕೆ ಹನ್ನೊಂದು. ರಾಣಿಯ ಚಿತ್ರ ಬರೆದರೆ ಕೊಡ ಹೊತ್ತ ಹೆಂಗಸಿನಂತೆ ಕಾಣುತ್ತಿದ್ದಳು. ಬಿಟ್ಟುಬಿಡುವುದೆಂದು ನಿಶ್ಚಯಿಸಿ, ಪುಸ್ತಕ ಮರಳಿಸಲು ಶಿಕ್ಷಕಿ ಪ್ರಿಯಂವದಾ ಅವರ ಮುಂದೆ ನಿಂತರು. ಅವರು ಪುಸ್ತಕ ತೆಗೆದುಕೊಳ್ಳದೆ ಒಂದು ಹಳೇ ಪತ್ರಿಕೆ, ಒಂದು ಕತ್ತರಿ ಮುಂದಿಟ್ಟರು. "ಮೈಲವ್ವಾರ, ನೀವು ಪೆನ್ಸಿಲ್ ಹಿಡೀಬ್ಯಾಡ್ರಿ. ಕತ್ತರಿಸಿ ತೋರಸ್ರಿ." ಹತ್ತು ನಿಮಿಷದಲ್ಲಿ ರಾಣಿಯ ನಿಲುವಂಗಿ ಕಾಗದದಲ್ಲಿ ಎದ್ದು ನಿಂತಿತು. ಅಂದಿನಿಂದ ಮೊದಲು ಕತ್ತರಿ, ಆಮೇಲೆ ಅದರ ಸುತ್ತ ಗೆರೆ.

ಈಗ ಸೆರೆಮನೆಯಿಂದ ಮರಳುವವನ ಅಂಗಿ. ಪುಸ್ತಕದಲ್ಲಿ ಆ ಕಾಲದ ಉಡುಪಿನ ಚಿತ್ರಗಳಿದ್ದವು, ಆದರೆ ಮೈಲವ್ವ ಅವರಿಗೆ ಸಮಾಧಾನವಿರಲಿಲ್ಲ. ಹೋದ ವಾರ ಮೋಟೆಬೆನ್ನೂರಿನ ಎಂಬತ್ತನಾಲ್ಕರ ಗೋದೂಬಾಯಿ ಅವರ ಮನೆ ಹುಡುಕಿಕೊಂಡು ಹೋದರು. ಅವರ ಅಣ್ಣ ಚಳವಳಿಯಲ್ಲಿ ಸೆರೆಗೆ ಹೋದವರು. "ಅಂಗಿ ಹೆಂಗಿತ್ರಿ?" ಎಂದರೆ ಅಜ್ಜಿ ಹೇಳಿದರು: "ಹೋಗುಮುಂದ ಹಾಕ್ಕೊಂಡಿದ್ದ ಅಂಗೀನ ತೊಟ್ಟು ಬಂದಾ ತಂಗಿ. ಆದ್ರ ಅದು ಅವಂದಲ್ಲ ಅನಸ್ತು. ಆಳು ಅಷ್ಟು ಕರಗಿದ್ದಾ."

ಮೈಲವ್ವ ಅಂಗಿಯನ್ನು ಎರಡು ಅಳತೆ ದೊಡ್ಡದಾಗಿ ಕತ್ತರಿಸಿದರು.

ಹತ್ತು ಗಂಟೆಗೆ ನಟ ಅದನ್ನು ತೊಟ್ಟು ಬಂದಾಗ ನಿರ್ದೇಶಕರ ಮುಖ ಸಪ್ಪಗಾಗುತ್ತದೆ. ಅಳತೆ ತಪ್ಪಿದೆ, ಬೇರೆ ಅಂಗಿ ತನ್ನಿ ಎನ್ನುತ್ತಾರೆ. ಅಂಕಪಟ್ಟಿ ಹಿಡಿದು ನಿಂತ ಪ್ರಿಯಂವದಾ ಮಾತಾಡುವಂತಿಲ್ಲ. ಮೈಲವ್ವ ತಾವೇ ಮುಂದೆ ಬರುತ್ತಾರೆ. "ತಪ್ಪಿಲ್ರಿ ಸರ್. ಅಂಗಿ ಅಷ್ಟ ಐತಿ, ಮನಷ್ಯಾ ಸಣ್ಣಾಗ್ಯಾನ. ಒಮ್ಮೆ ನೋಡ್ರಿ, ಬ್ಯಾಡಾದ್ರ ನಾನ ಹಿಡಿದು ಹೊಲೀತೇನಿ."

ಒಮ್ಮೆ ಮಾತ್ರ ಎಂದು ಕ್ಯಾಮೆರಾ ಓಡುತ್ತದೆ. ನಟ ಓಣಿಯ ತಿರುವಿನಿಂದ ನಡೆದು ಬರುತ್ತಾನೆ. ಅಂಗಿ ಭುಜದಿಂದ ಜಾರುತ್ತದೆ, ಗಾಳಿಗೆ ಬೆನ್ನಿಗಂಟಿ ಎಲುಬು ತೋರಿಸುತ್ತದೆ. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಗೋದೂಬಾಯಿ ಕೋಲು ಬಿಟ್ಟು ಎದ್ದು ನಿಲ್ಲುತ್ತಾರೆ. "ಹಿಂಗ ಬಂದಿದ್ದಾ ನಮ್ಮಣ್ಣ. ಹಿಂಗ," ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಿರ್ದೇಶಕರು ಎರಡನೇ ಸಲ ಚಿತ್ರೀಕರಿಸುವುದಿಲ್ಲ. ಪ್ರಿಯಂವದಾ ನೂರಕ್ಕೆ ತೊಂಬತ್ತೊಂದು ಎಂದು ಬರೆಯುತ್ತಾರೆ.

ಸಂಜೆ ರಾಣೆಬೆನ್ನೂರಿನ ಬಸ್ಸು ಕಿಕ್ಕಿರಿದಿದೆ. ಮೈಲವ್ವ ಚೀಲದಿಂದ ಪಾಸು ತೆಗೆದು ಕೊಡುತ್ತಾರೆ. ಕಂಡಕ್ಟರ್ ಅದನ್ನೊಮ್ಮೆ, ಅವರನ್ನೊಮ್ಮೆ ನೋಡುತ್ತಾನೆ. "ಯವ್ವಾ, ಇದು ವಿದ್ಯಾರ್ಥಿ ಪಾಸು. ಮಗಳದು ತಂದೀರೇನು?"

"ಫೋಟೋ ನೋಡಪಾ. ಓದಾಕತ್ತಾಕಿ ನಾನ."

ಕಂಡಕ್ಟರ್ ಫೋಟೋ ನೋಡಿ ನಕ್ಕು, ಮುಂದಿನ ಸೀಟಿನವನಿಗೆ ಏಳಲು ಹೇಳುತ್ತಾನೆ. ವಯಸ್ಸಾದವರಿಗೆ ಜಾಗ ಬಿಡಬೇಕಲ್ಲ!

ಮೈಲವ್ವ ಮೇಲಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. "ಬ್ಯಾಡ, ಕುಂದ್ರಲಿ ಬಿಡು. ನಮ್ಮ ಕ್ಲಾಸಿನವರೆಲ್ಲಾ ನಿಂತ ಹೋಗ್ತೇವಿ."