ಕತ್ತರಿಸದ ಹತ್ತೊಂಬತ್ತು ಸೆಕೆಂಡು

ಕೊರೋನಾ ಕಾಲದಲ್ಲಿ ಜಪಾನಿನ ಕಾವಾಸಾಕಿಯ ಒಂದು ಟ್ಯೂಷನ್ ಶಾಲೆಯಲ್ಲಿ ನಾನು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಎಂಟು ಮಕ್ಕಳು, ಎಲ್ಲರ ಮುಖಕ್ಕೂ ಮಾಸ್ಕ್, ಮೇಜುಗಳ ನಡುವೆ ಪ್ಲಾಸ್ಟಿಕ್ ಗೋಡೆ. ಸಿಂಗಾಪುರದಲ್ಲಿ ಬೆಳೆದು ಬಂದ ಒಬ್ಬಳು ಪಟಪಟನೆ ಮಾತಾಡುತ್ತಿದ್ದಳು. ಅವಳ ಪಕ್ಕದಲ್ಲಿ ಕೂರುತ್ತಿದ್ದ ಪುಟ್ಟ ಹುಡುಗಿ ಆರು ತಿಂಗಳಾದರೂ ಬಾಯಿ ಬಿಟ್ಟಿರಲಿಲ್ಲ. ಚಿತ್ರದ ಕಾರ್ಡುಗಳನ್ನು ಹರಡಿ ಕೇಳಿದರೆ ಸರಿಯಾದದ್ದರ ಮೇಲೆ ಬೆರಳಿಡುತ್ತಿದ್ದಳು, ಅಷ್ಟೆ.

ವರ್ಷದ ಕೊನೆಗೆ ಪೋಷಕರು ಬಂದು ತರಗತಿ ನೋಡುವುದು ಅಲ್ಲಿನ ಪದ್ಧತಿ. ಆ ವರ್ಷ ಅವರನ್ನು ಒಳಗೆ ಬಿಡುವಂತಿರಲಿಲ್ಲ. ವಿಡಿಯೋ ಮಾಡಿ ಕಳಿಸುವುದೆಂದಾಯಿತು. ಮ್ಯಾನೇಜರ್ ನನ್ನನ್ನು ಕರೆದು, ಬಹಳ ವಿನಯದಿಂದ, "ಸೆನ್ಸೇ, ಆ ಮಗು ಹಿಂದೆ ನಿಲ್ಲಲಿ. ಎಲ್ಲರೂ ಒಟ್ಟಿಗೆ ಹೇಳುವಾಗ ಅವಳೂ ಹೇಳಿದಂತೆಯೇ ಕಾಣುತ್ತದೆ. ಹೇಗೂ ಮಾಸ್ಕ್ ಇದೆಯಲ್ಲ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮೈಸೂರಿನಲ್ಲಿ ಕನ್ನಡ ಮೀಡಿಯಂ ಬಿಟ್ಟು ಇಂಗ್ಲಿಷ್ ಶಾಲೆ ಸೇರಿದ ವರ್ಷ, ಇನ್‌ಸ್ಪೆಕ್ಷನ್ ದಿನ ನನ್ನನ್ನೂ ಕೊನೆಯ ಬೆಂಚಿಗೆ ಅಟ್ಟಿ, ಸುಮ್ಮನೆ ಬಾಯಿ ಆಡಿಸು ಸಾಕು ಎಂದಿದ್ದರು. ಆಗ ತೆಪ್ಪಗೆ ಆಡಿಸಿದ್ದೆ.

ಮನೆಯಲ್ಲಿ ಹೇಳಿದರೆ ಗಂಡ, "ಅವ್ರು ಹೇಳ್ದಂಗೆ ಮಾಡ್ಬಿಡೆ. ಕಾಂಟ್ರ್ಯಾಕ್ಟ್ ರಿನ್ಯೂ ಆಗೋ ಟೈಮು, ನಿಂಗ್ಯಾಕೆ ಇಲ್ಲದ ಉಸಾಬರಿ?" ಎಂದರು.

"ಮಾಡಲ್ಲ ರೀ. ಏನ್ ಬೇಕಾದ್ರೂ ಆಗ್ಲಿ."

ಒಬ್ಬೊಬ್ಬರೂ ತಮಗಿಷ್ಟವಾದ ವಸ್ತು ತಂದು, ಅದರ ಬಗ್ಗೆ ಒಂದು ಮಾತು ಹೇಳಲಿ ಎಂದೆ. ಹೇಳುತ್ತೀಯಾ ಎಂದು ಆ ಪುಟ್ಟ ಹುಡುಗಿಯನ್ನು ಮೊದಲೇ ಕೇಳಿದ್ದೆ, ಹೂಂ ಎಂಬಂತೆ ತಲೆಯಾಡಿಸಿದ್ದಳು. ವಿಡಿಯೋ ಮಾಡಿದ ದಿನ ಸ್ಕಿಪ್ಪಿಂಗ್ ಹಗ್ಗ ಹಿಡಿದು ಎಲ್ಲರಿಗಿಂತ ಮುಂದೆ ಬಂದು ನಿಂತಳು. ಹಗ್ಗದ ಹಿಡಿಯನ್ನು ತಿರುವುತ್ತಲೇ ಇದ್ದಳು, ಮಾತಿಲ್ಲ. ಹೇಳಿಕೊಡಲೆಂದು ಸಿಂಗಾಪುರದವಳ ಮಾಸ್ಕ್ ಅಲುಗಿತು. ನಾನು ಕಣ್ಣಲ್ಲೇ ತಡೆದೆ. ಕೊನೆಗೆ ಸಣ್ಣ ದನಿ ಬಂತು: "ಐ ಕ್ಯಾನ್ ಜಂಪ್."

ಸುಮ್ಮನಿದ್ದದ್ದು ಹತ್ತೊಂಬತ್ತು ಸೆಕೆಂಡು. ಅದನ್ನು ಕತ್ತರಿಸಿ ಎಂದರು ಮ್ಯಾನೇಜರ್.

"ಕತ್ತರಿಸುವುದಿಲ್ಲ. ಅವಳು ಮಾಡಿದ ಕೆಲಸವೆಲ್ಲ ಅದರಲ್ಲೇ ಇದೆ" ಎಂದೆ. ಪೋಷಕರಿಗೆ ಕಳಿಸುವವಳು ನಾನೇ ಆಗಿದ್ದೆ, ಇದ್ದದ್ದನ್ನು ಇದ್ದಹಾಗೆ ಕಳಿಸಿದೆ. ಏಪ್ರಿಲ್‌ನಲ್ಲಿ ಹೊಸ ಶಾಲಾ ವರ್ಷಕ್ಕೆ ನನ್ನ ತರಗತಿಯನ್ನು ಬೇರೆಯವರಿಗೆ ಕೊಟ್ಟರು. ಕೊಡಲಿ. ಇವತ್ತಿಗೂ ನನಗೆ ಅದರ ಬೇಸರವಿಲ್ಲ.

ಆಮೇಲೊಮ್ಮೆ ಕೊಂಬಿನಿ ಅಂಗಡಿಯ ಮುಂದೆ ಆ ಹುಡುಗಿಯ ತಾಯಿ ಸಿಕ್ಕಿದರು. ಹಿರೋಷಿಮಾದಲ್ಲಿರುವ ಅಜ್ಜಿಗೆ ಮಗಳು ವಿಡಿಯೋ ಕಾಲ್‌ನಲ್ಲಿ ಆ ತರಗತಿಯ ವಿಡಿಯೋವನ್ನು ಮತ್ತೆ ಮತ್ತೆ ತೋರಿಸುತ್ತಾಳಂತೆ. ಪ್ರತಿ ಸಲವೂ ಅಜ್ಜಿ, ಇದೇನು, ವಿಡಿಯೋ ನಿಂತೇಹೋಯಿತಲ್ಲ ಎನ್ನುತ್ತಾರಂತೆ.

"ನಿಂತಿಲ್ಲ ಅಜ್ಜಿ, ಇರು," ಎನ್ನುತ್ತಾಳಂತೆ ಅವಳು. "ಈಗ ನಾನು ಮಾತಾಡ್ತೀನಿ."