ನೆಬಹತಕ್ಕ ಕಾರ್ಡುಗಳನ್ನು ಬಿಚ್ಚಿಟ್ಟ ದಿನ

ನೆಬಹತಕ್ಕನಿಗೆ ಭವಿಷ್ಯ ಗೊತ್ತಿರಲಿಲ್ಲ. ಇದನ್ನು ಅವಳೇ ಹೇಳುತ್ತಿದ್ದಳು, ಅದೂ ಬೈಗುಳದ ಜೊತೆಗೆ. ಇಸ್ತಾಂಬುಲಿನ ಕಾದಿಕೊಯ್ ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲಿದ್ದ ಅಂಗಡಿಯಲ್ಲಿ ನಾನು ಕಾಫಿ ಕಾಸುತ್ತಿದ್ದೆ, ಅವಳು ಕಿಟಕಿ ಪಕ್ಕದ ಮೇಜಿನಲ್ಲಿ ಟ್ಯಾರೋ ಎಂಬ ಚಿತ್ರದ ಕಾರ್ಡು ನೋಡಿ ಭವಿಷ್ಯ ಹೇಳುತ್ತಿದ್ದಳು. ಗಂಡ ತೀರಿಕೊಂಡು, ಕೆಲಸಕ್ಕಿದ್ದ ಹೊಲಿಗೆ ಕಾರ್ಖಾನೆಯೂ ಮುಚ್ಚಿದಾಗ ನೆರೆಮನೆಯ ಮುದುಕಿಯಿಂದ ಕಲಿತ ವಿದ್ಯೆ. "ಜನ ಬರೋದು ಮಾತಾಡೋಕೆ ಕಣೆ. ಮನೇಲಿ ಯಾರೂ ಕೇಳಲ್ಲ, ಇಲ್ಲಿ ನಾನು ಕೇಳ್ತೀನಿ. ಕಾರ್ಡು ಬರೀ ನೆಪ," ಎನ್ನುತ್ತಿದ್ದಳು.

ಅಂಗಡಿಯ ಯಜಮಾನ ತುಂಜಾಯ್‌ಗೆ ಈ ಮಾತು ಹಿಡಿಸುತ್ತಿರಲಿಲ್ಲ. "ನೆಬಹತಕ್ಕ, ಯಾರಿಗೂ ಪೂರ್ತಿ ಹೇಳ್ಬೇಡಿ. ಒಂದು ಕಾರ್ಡು ಮಸುಕಾಗಿದೆ ಅನ್ನಿ, ಮತ್ತೆ ಬರ್ತಾರೆ," ಎಂದು ಹಲ್ಲು ಕಿರಿಯುತ್ತಿದ್ದ. ಹೆದರಿದವರೇ ಒಳ್ಳೆಯ ಗಿರಾಕಿಗಳು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮಲ್ಲಿ ಯಾರೇ ಭವಿಷ್ಯ ಹೇಳಲಿ, ಕೊನೆಗೆ "ಮೂರು ವೇಳೆಯೊಳಗೆ ಒಳ್ಳೇ ಸುದ್ದಿ ಬರುತ್ತೆ" ಎನ್ನುವುದು ರೂಢಿ. ಮೂರು ಗಂಟೆಯೋ, ಮೂರು ದಿನವೋ, ಮೂರು ತಿಂಗಳೋ, ಯಾರೂ ಕೇಳುವುದಿಲ್ಲ. ಎದ್ದು ಹೋಗುವವರಿಗೆ ಹೇಳುವ ಒಂದು ಉಪಚಾರದ ಮಾತು ಅಷ್ಟೆ. ಅದನ್ನು ಗಂಟು ಹಾಕಿಕೊಂಡು ಹೋದವಳು ಎಲ್ವಾನ್.

ಎಲ್ವಾನ್ ಬೇಕರಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ಅವಳ ಪುಟ್ಟ ಮಗಳು ಇಪೆಕ್‌ಗೆ ಹೃದಯದಲ್ಲಿ ತೂತು. ಆಪರೇಷನ್ ಮಾಡಿದರೆ ಸರಿಹೋಗುತ್ತದೆ, ತಡ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಅವತ್ತಿನಿಂದ ಎಲ್ವಾನಳನ್ನು ಭಯ ಬಿಟ್ಟಿರಲಿಲ್ಲ. ಅನ್ನ ಸೇರದು. ಮೊದಲ ಸಲ ಬಂದಾಗ ನೆಬಹತಕ್ಕ ಸಮಾಧಾನ ಮಾಡಿ, ಅದೇ ಮೂರು ವೇಳೆಯ ಮಾತು ಹೇಳಿ ಕಳಿಸಿದಳು. ಮರುದಿನ ಮತ್ತೆ ಬಂದಳು. ಅದರ ಮರುದಿನವೂ ಬಂದಳು. ಪ್ರಶ್ನೆ ಅದೇ, ಕಾರ್ಡು ಮಾತ್ರ ಬೇರೆ ಬೇರೆ. ತುಂಜಾಯ್ ಅವಳಿಗೆಂದೇ ಕುರ್ಚಿ ಒರೆಸಿಡತೊಡಗಿದ.

ಒಂದು ಮಂಗಳವಾರ ಬಂದವಳೇ ಹೇಳಿದಳು: "ನಿನ್ನೆ ಆಪರೇಷನ್ ಇತ್ತು. ನಾನು ಮಗೂನ ಕರ್ಕೊಂಡು ಹೋಗ್ಲಿಲ್ಲ ಅಕ್ಕ. ನೀವು ಹೇಳಿದ ಮೂರು ವೇಳೆ ಇನ್ನೂ ಮುಗಿದಿಲ್ವಲ್ಲ, ಒಳ್ಳೇ ಸುದ್ದಿ ಬರ್ಲಿ ಅಂತ ಕಾದೆ. ಶುಕ್ರವಾರಕ್ಕೆ ಇನ್ನೊಂದು ಅವಕಾಶ ಇದೆಯಂತೆ, ಇವತ್ತು ಸಂಜೆಯೊಳಗೆ ಫೋನ್ ಮಾಡ್ಬೇಕಂತೆ. ಮಾಡ್ಲಾ? ನೋಡಿ ಹೇಳಿ."

ನೆಬಹತಕ್ಕನ ಮುಖ ಕಪ್ಪಿಟ್ಟಿತು. ಕಾರ್ಡಿನ ಕಟ್ಟು ಹಿಡಿದು ನನ್ನ ಒಲೆಯ ಹತ್ತಿರ ಬಂದಳು. ನಾನು ಪಿಸುಗುಟ್ಟಿದೆ: "ಅಕ್ಕ, ಸೂರ್ಯನ ಕಾರ್ಡು ಮೇಲಿಟ್ಟು ತೆಗೆದುಬಿಡು. ಶುಭ ಬಂದಿದೆ, ಹೋಗು ಅನ್ನು. ಮಗು ಬದುಕುತ್ತೆ."

"ಬಾಯ್ಮುಚ್ಚೇ! ಇವತ್ತು ನಾನು ಸೂರ್ಯನ್ನ ತೋರಿಸ್ತೀನಿ. ಗುರುವಾರ ಇನ್ನೊಂದು ಅಂಗಡಿಗೆ ಹೋಗ್ತಾಳೆ, ಅಲ್ಲಿಯೋಳು ಸಾವಿನ ಕಾರ್ಡು ತೆಗೀತಾಳೆ. ಆಮೇಲೆ? ಮಗೂನ ಮತ್ತೆ ಮನೇಲಿ ಕೂರಿಸ್ಕೋತಾಳೆ. ನಮ್ಮ ಬಾಯಿಗಿಷ್ಟು ಬೆಂಕಿ ಹಾಕ!"

ಹಿಂದಿರುಗಿ ಹೋಗಿ ಇಡೀ ಕಟ್ಟನ್ನು ಚಿತ್ರ ಮೇಲಾಗಿ ಮೇಜಿನ ತುಂಬ ಹರಡಿದಳು. ಯಾರೂ ಹಾಗೆ ಮಾಡುವುದಿಲ್ಲ, ಕವುಚಿಟ್ಟೇ ಆರಿಸಲು ಹೇಳುತ್ತಾರೆ. ಪಕ್ಕದ ಮೇಜಿನ ಗಿರಾಕಿಗಳು ಕುರ್ಚಿ ತಿರುಗಿಸಿಕೊಂಡು ನೋಡತೊಡಗಿದರು.

"ಇವತ್ತು ಮುಚ್ಚುಮರೆ ಇಲ್ಲ. ಎಲ್ಲಾ ಕಾಣ್ತಿದೆ. ನಿನ್ನ ಮಗಳಿಗೆ ಅಂತ ಮೂರು ಕಾರ್ಡು ನೀನೇ ಆರಿಸ್ಕೊ."

ಎಲ್ವಾನಳ ಕೈ ಮೇಜಿನ ಮೇಲೆ ಅಲೆಯಿತು. ಸೂರ್ಯ ಅಲ್ಲೇ ಹೊಳೆಯುತ್ತಿದ್ದ, ಪಕ್ಕದಲ್ಲಿ ನಕ್ಷತ್ರ. ಅವಳು ಸಿಡಿಲು ಬಡಿದ ಗೋಪುರ ತೆಗೆದಳು. ಬೆನ್ನಿಗೆ ಕತ್ತಿಗಳು ನೆಟ್ಟ ಮನುಷ್ಯನನ್ನು ತೆಗೆದಳು. ಕೊನೆಗೆ, ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡ ಹೆಂಗಸನ್ನು ತೆಗೆದಳು.

"ಕಂಡ್ಯಾ? ಕಣ್ಣು ಬಿಟ್ಕೊಂಡೇ ಕೆಟ್ಟದ್ದನ್ನೆಲ್ಲ ಹೆಕ್ಕಿದೆ," ಎಂದು ನೆಬಹತಕ್ಕ ಮೇಜು ಗುದ್ದಿದಳು. "ಇದು ಹಣೆಬರಹ ಅಲ್ಲ. ಇದು ನಿನ್ನ ಭಯ. ಲೋಕದಲ್ಲಿರೋ ಎಲ್ಲಾ ಕಾರ್ಡು ಕೊಟ್ರೂ ಅದು ಇವನ್ನೇ ಎತ್ಕೊಳ್ಳುತ್ತೆ. ಅದನ್ನ ಕೇಳಿ ಮಗೂನ ಸಾಯಿಸ್ತೀಯಾ?"

ಎಲ್ವಾನ್ ಗೊಳೋ ಎಂದು ಅತ್ತಳು. "ಹಾಗಾದ್ರೆ ಬದುಕ್ತಾಳಾ ಅಕ್ಕ?"

"ನಂಗೊತ್ತಿಲ್ಲ! ಈ ಕುರ್ಚಿ ಮೇಲೆ ಕೂತ ಯಾವಳಿಗೂ ಗೊತ್ತಿಲ್ಲ. ಡಾಕ್ಟರಿಗೆ ನಮಗಿಂತ ಜಾಸ್ತಿ ಗೊತ್ತು. ಭಯ ಹೋದ್ಮೇಲೆ ಫೋನ್ ಮಾಡ್ತೀನಿ ಅಂದ್ರೆ ಅದು ಹೋಗಲ್ಲ. ನಡುಗ್ತಾನೇ ಮಾಡು."

ಎಲ್ವಾನ್ ನಂಬರು ಒತ್ತುವಾಗ ಎರಡು ಸಲ ತಪ್ಪಿದಳು. ನೆಬಹತಕ್ಕ ಸಹಾಯಕ್ಕೆ ಕೈ ಚಾಚಲಿಲ್ಲ. ಕೊನೆಗೆ ಆ ಕಡೆಯಿಂದ ಯಾರೋ ಹಲೋ ಎಂದರು. ಎಲ್ವಾನ್ ತೊದಲುತ್ತ ಮಗಳ ಹೆಸರು ಹೇಳಿ, ಶುಕ್ರವಾರ ಬರುತ್ತೇವೆ ಎಂದಳು.

ತುಂಜಾಯ್ ಕೆಂಡವಾಗಿದ್ದ. "ಗಿರಾಕಿಗಳ ಮುಂದೆ ನಂಗೊತ್ತಿಲ್ಲ ಅಂತೀರಾ? ನನ್ನ ಅಂಗಡಿಗೆ ಬೀಗ ಹಾಕಿಸ್ತೀರಾ?"

"ನಿನ್ನ ಅಂಗಡಿ ಹಾಳಾಗ್ಹೋಗ್ಲಿ ಕಣೋ," ಎಂದು ನೆಬಹತಕ್ಕ ಕೋಟು ತೊಟ್ಟು ಮೆಟ್ಟಿಲಿಳಿದಳು. ಅವನು ತಡೆಯಲಿಲ್ಲ. ಮರುವಾರವೇ ಇನ್ನೊಬ್ಬಳನ್ನು ತಂದು ಕೂರಿಸಿದ.

ಶುಕ್ರವಾರ ಆಪರೇಷನ್ ಆಯಿತು, ಇಪೆಕ್ ಬದುಕಿದಳು. ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದು ನಾನೂ ನಂಬಿದ್ದೆ. ತಿಂಗಳಾಗಿರಲಿಲ್ಲ, ಎಲ್ವಾನ್ ಮತ್ತೆ ಮೆಟ್ಟಿಲು ಹತ್ತಿ ಬಂದಳು. "ಹೊಲಿಗೆ ಹಾಕಿದ ಗಾಯ ಸರಿಯಾಗಿ ಮಾಯುತ್ತಾ ಅಂತ ಒಂದ್ಸಲ ನೋಡಿಸ್ಬೇಕಿತ್ತು..." ತುಂಜಾಯ್ ಹಲ್ಲು ಕಿರಿಯುತ್ತ ಕುರ್ಚಿ ಎಳೆದ. ನನಗೆ ನೆತ್ತಿಗೇರಿತು. ಒಲೆ ಆರಿಸಿ, ಅವಳ ರಟ್ಟೆ ಹಿಡಿದು ದರದರ ಕೆಳಗಿಳಿಸಿ, ನೆಬಹತಕ್ಕನ ಮನೆಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೈದೆ.

ನೆಬಹತಕ್ಕ ಬಾಗಿಲು ತೆಗೆದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮತ್ತೆ ಬಂತಾ ಭಯ?"

"ಬಂತು ಅಕ್ಕ."

"ಬರ್ದೇ ಏನು. ಒಳಗೆ ಬಾ, ಹೆದರುಪುಕ್ಲಿ. ಕಾರ್ಡು ಕೇಳಿದ್ರೆ ಕೆನ್ನೆಗೆ ಬಾರಿಸ್ತೀನಿ. ಕೂತ್ಕೊಂಡು ಬಟಾಣಿ ಸುಲಿ."

ಎಲ್ವಾನ್ ನೆಲದ ಮೇಲೆ ಕೂತಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಮೊದಲ ಕಾಳುಗಳೆಲ್ಲ ಕುರ್ಚಿಯಡಿ ಉರುಳಿದವು. ನೆಬಹತಕ್ಕ ಬೈಯುತ್ತ ಅವನ್ನು ಹೆಕ್ಕಿದಳು, ಇವಳು ನಡುಗುತ್ತಲೇ ಮುಂದಿನ ಕಾಯಿ ಬಿಡಿಸಿದಳು.