ಪ್ರಸಾದಕ್ಕೆ ಪಥ್ಯವಿಲ್ಲ

ನಮ್ಮಣ್ಣ ಶರಣಯ್ಯ ನೀಡಲು ನಿಂತ ಪಂಕ್ತಿಯಲ್ಲಿ ಅರೆಹೊಟ್ಟೆ ಉಂಡು ಎದ್ದವರು ದೇವದುರ್ಗದಲ್ಲಿ ಯಾರೂ ಇರಲಿಕ್ಕಿಲ್ಲ. ಅವನದು ಅಡುಗೆಯ ಭಾಂಡೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಮದುವೆ ಇರಲಿ, ಬಸುರಿಯ ಕುಬಸ ಇರಲಿ, ಸತ್ತವರ ಹೆಸರಿನ ಊಟವೇ ಇರಲಿ, ಕೊಪ್ಪರಿಗೆ ಹೋದಲ್ಲಿಗೆ ಅವನೂ ಹೋಗಬೇಕು. ಭಾಂಡೆ ಇಳಿಸಿ ಬರಬೇಕಾದ ಮನುಷ್ಯ ಸೊಂಟಕ್ಕೆ ಟವೆಲ್ ಬಿಗಿದು ನೀಡಲು ನಿಂತುಬಿಡುತ್ತಿದ್ದ. ನೀಡುವುದೆಂದರೆ ನಮ್ಮ ಕಡೆ ಬಡಿಸುವುದು. ಬ್ಯಾಡ ಅಂದವನಿಗೇ ಮೊದಲು ಎರಡು ರೊಟ್ಟಿ ಹಾಕುವ ಚಾಳಿ ಅವನದು. ಸಂಬಳವಿಲ್ಲದ ಈ ದಗದ ಯಾಕೋ ಮಾರಾಯ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ. ನಕ್ಕು ನನ್ನ ತಟ್ಟೆಗೂ ಒಂದು ರೊಟ್ಟಿ ಹಾಕುತ್ತಿದ್ದ.

ಹೆಂಡತಿ ವೀರಭದ್ರಮ್ಮ ತೀರಿಕೊಂಡಾಗ ಮಗಳು ಸ್ವಪ್ನಾ ಮೂರನೆಯ ಇಯತ್ತೆ. ಎರಡನೆಯ ಮದುವೆಗೆ ಮಂದಿ ದುಂಬಾಲು ಬಿದ್ದರೂ ಅಣ್ಣ ಒಪ್ಪಲಿಲ್ಲ. ಮಗಳ ಹೆರಳು ಹಾಕಲು ಬರದೆ ರಿಬ್ಬನ್ನು ಹಿಡಿದು ಓಣಿಯ ಹೆಂಗಸರ ಬಾಗಿಲಿಗೆ ಹೋಗುತ್ತಿದ್ದ. ಊಟದ ವಿಷಯಕ್ಕೆ ಮಾತ್ರ ಯಾರ ಮನೆಗೂ ಹೋದವನಲ್ಲ. ತಾನೇ ರೊಟ್ಟಿ ಬಡಿದು, ಹಾಲಲ್ಲಿ ನುರಿದು, ತುತ್ತು ಮಾಡಿ ಬಾಯಿಗಿಡುತ್ತಿದ್ದ. ಹುಡುಗಿ ಹೈಸ್ಕೂಲಿಗೆ ಹೋದ ಮೇಲೂ ಪರೀಕ್ಷೆಯ ದಿನ ಅಪ್ಪನ ಕೈತುತ್ತೇ ಬೇಕು. ಸಾಕಿನ್ನು, ಕುದುರೆಯಂತೆ ಬೆಳೆದಿದ್ದಾಳೆ ಎಂದು ನಾನು ಅಂದರೆ ಇಬ್ಬರೂ ಸೇರಿ ನನ್ನನ್ನೇ ನೋಡಿ ನಗುತ್ತಿದ್ದರು.

ಅವಳು ರಾಯಚೂರಿನಲ್ಲಿ ಬಿ.ಎಡ್. ಮುಗಿಸಿ ಮಲ್ಲಟದ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿಯಾದಳು. ನನ್ನನ್ನು ಮದುವೆ ಮಾಡಿಕೊಟ್ಟ ಮಾನ್ವಿಯ ಮನೆಯಲ್ಲೇ ಇದ್ದು ಬೆಳಗಿನ ಬಸ್ಸಿಗೆ ಹೋಗಿಬರುತ್ತಿದ್ದಳು. ನನಗೆ ಮಕ್ಕಳಿಲ್ಲ, ಮನೆಗೆ ಬೆಳಕು ಬಂದಂತಾಯಿತು. ಆದರೆ ಕೆಲವೇ ತಿಂಗಳಿಗೆ ಅವಳು ಬೆಳಿಗ್ಗೆ ಏನೂ ಮುಟ್ಟದೆ ಬಸ್ಸು ಹತ್ತತೊಡಗಿದಳು. ಕೇಳಿದರೆ ಹಸಿವಿಲ್ಲ ಅನ್ನುತ್ತಿದ್ದಳು. ನಿಜ ಏನೆಂದರೆ ಉಂಡರೆ ಹೊಟ್ಟೆ ನುಲಿಯುತ್ತಿತ್ತು, ಮತ್ತೆ ಮತ್ತೆ ಸಂಡಾಸಿಗೆ ಓಡಬೇಕಾಗುತ್ತಿತ್ತು. ಶಾಲೆಯ ಸಂಡಾಸಿಗೆ ಚಿಲಕವೂ ಇರಲಿಲ್ಲ. ಮಕ್ಕಳಿಗೆ ಪಾಠ ಮಾಡುವವಳು ನಡುವೆ ಎದ್ದು ಓಡುವುದು ಹೇಗೆ? ಸಂಜೆಯವರೆಗೆ ಉಪವಾಸವಿದ್ದು ಬರುತ್ತಿದ್ದಳು. ರಕ್ತ ಬೀಳುವುದನ್ನು ನನಗೂ ಹೇಳಿರಲಿಲ್ಲ.

ಸೊರಗಿ ಕಡ್ಡಿಯಾದಾಗ ಎಲ್ಲರೂ ವೈದ್ಯರೇ ಆದರು. ಒಬ್ಬರು ಉಷ್ಣ ಅಂದರು, ಒಬ್ಬರು ದೃಷ್ಟಿ ಅಂದರು, ಇನ್ನೊಬ್ಬಳು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂದಳು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನನ್ನ ಮುಖಕ್ಕೆ ಹೇಳಿದವರೂ ಉಂಟು. ಗಾದೆ ಕಟ್ಟಿದವನು ಸಿಕ್ಕರೆ ಕೇಳುತ್ತೇನೆ. ನಮ್ಮ ಹುಡುಗಿಗಿಂತ ಹಿತಮಿತವಾಗಿ ಉಂಡವರನ್ನು ತೋರಿಸು ಎಂದು.

ಸಂಜೆ ಜ್ವರ ಬರುತ್ತಿದ್ದುದರಿಂದ ಮೊದಲು ಒಬ್ಬ ಡಾಕ್ಟರು ಕರುಳಿನ ಕ್ಷಯವೆಂದು ತಿಂಗಳುಗಟ್ಟಲೆ ಗುಳಿಗೆ ಕೊಟ್ಟರು. ಅವರನ್ನು ಬಯ್ಯಲಾರೆ, ಅದೂ ಇವಳಿಗೆ ನಿಜವಾಗಿ ಇದ್ದ ರೋಗವೂ ಅಕ್ಕತಂಗಿಯರ ಹಾಗೆ ಒಂದೇ ತೆರ ಕಾಣುತ್ತವಂತೆ. ಗುಣವಾಗದಾಗ ರಾಯಚೂರಿನ ಆತಿಯಾ ಡಾಕ್ಟರ ಹತ್ತಿರ ಹೋದೆವು. ಅವರು ಕರುಳಿನೊಳಗೆ ಕ್ಯಾಮರಾ ಬಿಟ್ಟು ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಇದು ಕ್ರೋನ್ಸ್ ಎಂಬ ಕರುಳುರಿಯ ಕಾಯಿಲೆ ಎಂದು ಹೇಳಿದರು. ಹುಣ್ಣಾಗಿ ಮಾಯ್ದು, ಮತ್ತೆ ಹುಣ್ಣಾಗಿ, ಸಣ್ಣ ಕರುಳಿನ ತುದಿಯಲ್ಲಿ ಒಂದು ಕಡೆ ದಾರಿ ಕಿರಿದಾಗಿತ್ತು.

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. ನಾನು ಉಣ್ಣಿಸಿದ್ದರಿಂದ ಬಂತೇನ್ರೀ ಎಂದು. ಆತಿಯಾ ಡಾಕ್ಟರು ಗಡಿಬಿಡಿ ಮಾಡದೆ ಕೂತು ಹೇಳಿದರು. ಎಲ್ಲರ ಕರುಳಿನಲ್ಲೂ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ನಾವು ಉಂಡದ್ದರಲ್ಲಿ ಉಳಿದ ಕಾಳು, ಸೊಪ್ಪು, ಜೋಳದ ನಾರೇ ಅವುಗಳ ಊಟ. ಅದಕ್ಕೆ ಪ್ರತಿಯಾಗಿ ಅವು ಕರುಳಿನ ಗೋಡೆಯನ್ನು ಕಾಯುತ್ತವೆ. ನಾರಿನ ಊಟ ಸಿಗದಿದ್ದರೆ ಕೆಲವು ಆ ಗೋಡೆಯ ಲೋಳೆಯನ್ನೇ ಮೇಯತೊಡಗುತ್ತವೆಂದು ಇಲಿಗಳಲ್ಲಿ ನೋಡಿದ್ದಾರೆ. ಕೆಲವರ ಮೈ ಮಾತ್ರ ತನ್ನೊಳಗಿನ ಈ ಬಳಗವನ್ನೇ ವೈರಿಯೆಂದು ತಿಳಿದು ಜಗಳಕ್ಕೆ ನಿಲ್ಲುತ್ತದೆ, ಅದರ ಉರಿಯೇ ಈ ರೋಗ. ಹುಟ್ಟಿನಿಂದ ಬಂದ ಗುಣ, ಬದಲಾದ ಊಟ, ಸಣ್ಣಂದಿನಲ್ಲಿ ನುಂಗಿದ ಔಷಧಿ, ಎಲ್ಲ ಸೇರಿರಬಹುದು. ಇದೇ ಕಾರಣ ಎಂದು ಬೆರಳಿಟ್ಟು ತೋರಿಸುವಷ್ಟು ಯಾರಿಗೂ ತಿಳಿದಿಲ್ಲ. ಅಪ್ಪನ ತುತ್ತಿನಿಂದ ಬಂದದ್ದಂತೂ ಅಲ್ಲ ಎಂದರು.

ಅಣ್ಣನಿಗೆ ಅದು ಅವನ ರೀತಿಯಲ್ಲಿ ಅರ್ಥವಾಯಿತು. ಹಾಗಾದರೆ ಹೊಟ್ಟೆಯೊಳಗೂ ಒಂದು ದಾಸೋಹ ನಡೆದಿದೆ ಅಂದ. ಸ್ವಪ್ನಾ ಎಷ್ಟೋ ದಿನದ ಮೇಲೆ ನಕ್ಕಳು. ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಮಾಡುವುದೂ ಅಂಥವರೇ ಕೆಲವರಪ್ಪಾ ಎಂದು ಅಲ್ಲೇ ಪಾಠ ಶುರುಮಾಡಿದಳು.

ಪಥ್ಯದ ಮಾತು ಬಂದಾಗ ಅಣ್ಣ ಎಡವಿದ. ಜೋಳ, ಕಾಳು, ಸೊಪ್ಪು ಆ ಬಳಗಕ್ಕೆ ಒಳ್ಳೆಯದು ಅನ್ನುತ್ತೀರಿ, ಈಕೆಗೆ ತಿನ್ನಿಸಬೇಡಿ ಅನ್ನುತ್ತೀರಿ, ಇದೆಂಥ ಹಿಕ್ಮತ್ತು ಎಂದು ಕೇಳಿದ. ನಿಮ್ಮ ಕಡೆ ಹೊಲಕ್ಕೆ ನೀರು ಬೇಕು ತಾನೇ, ಆದರೆ ಕಾಲುವೆಯಲ್ಲಿ ಹೂಳು ತುಂಬಿದ್ದಾಗ ಜೋರಾಗಿ ನೀರು ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಕೇಳಿದರು. ಒಡ್ಡು ಒಡೀತದ್ರಿ ಅಂದ ಅಣ್ಣ. ಅಷ್ಟೇ ಎಂದರು ಅವರು. ಸಿಪ್ಪೆಯ ಕಾಳು, ಶೇಂಗಾ, ಹಸಿ ಸೊಪ್ಪು, ಗಟ್ಟಿ ರೊಟ್ಟಿ ಆ ಕಿರಿದಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ. ಮೆತ್ತಗೆ ಬೇಯಿಸಿ, ಸೋಸಿ, ಸ್ವಲ್ಪ ಸ್ವಲ್ಪವೇ ಕೊಡಬೇಕು. ಹೊಟ್ಟೆ ಹಗುರಾಯಿತೆಂದು ಬರೆದುಕೊಟ್ಟ ಔಷಧಿ ಬಿಡಬಾರದು. ಅದರಿಂದ ಉರಿ ಇಳಿಯುತ್ತಾ ಬಂದರೆ ಕರುಳು ಕತ್ತರಿಸುವ ಆಪರೇಷನ್ ತಪ್ಪಿಸಬಹುದು ಎಂದರು. ಆ ಒಂದು ಮಾತನ್ನು ಹಿಡಿದುಕೊಂಡು ನಾವು ಮನೆಗೆ ಬಂದೆವು.

ಅಣ್ಣ ಹಟದವ. ಪ್ರತಿ ಭಾನುವಾರ ದೇವದುರ್ಗದಿಂದ ಮಾನ್ವಿಗೆ ಬಂದು ನನ್ನನ್ನು ಒಲೆಯ ಹತ್ತಿರ ಬಿಡದೆ ತಾನೇ ಅಡುಗೆ ಮಾಡಿದ. ತೊಗರಿಬೇಳೆಯನ್ನು ಬೆಣ್ಣೆಯಂತೆ ಕುದಿಸಿದ, ಕುಂಬಳಕಾಯಿಯ ಸಿಪ್ಪೆ ಬೀಜ ತೆಗೆದು ಬೇಯಿಸಿ ನಾದಿದ, ಜೋಳದ ಹಿಟ್ಟಿನ ಅಂಬಲಿಯನ್ನು ತೆಳ್ಳನೆ ಅರಿವೆಯಲ್ಲಿ ಸೋಸಿದ. ಖಾರವಿಲ್ಲದ ಊಟವನ್ನು ಊಟವೆಂದೇ ಒಪ್ಪದ ಮನುಷ್ಯ ಅದನ್ನು ಮಗಳ ಎದುರು ಕೂತು ತಾನೂ ಉಂಡ. ಹುಡುಗಿಯ ಕೆನ್ನೆ ತುಂಬತೊಡಗಿತು. ಬೆಳಿಗ್ಗೆ ಉಂಡೇ ಬಸ್ಸು ಹತ್ತತೊಡಗಿದಳು. ಅವಳಿಗೆ ಒಂದೇ ಕೊರಗು. ಅಪ್ಪ ನೀಡುವ ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಉಂಡು ವರ್ಷವಾಯಿತು ಅನ್ನುತ್ತಿದ್ದಳು.

ದೇವದುರ್ಗದ ಹೊರಗಿನ ಸಣ್ಣ ಮಠದಲ್ಲಿ ಶ್ರಾವಣದ ಕೊನೆಯ ಸೋಮವಾರ ದೊಡ್ಡ ದಾಸೋಹ. ಅಲ್ಲಿ ಎರಡು ನೇಮ. ಪಂಕ್ತಿಯಲ್ಲಿ ಕೂತ ಯಾರ ತಟ್ಟೆಯನ್ನೂ ದಾಟಿ ಮುಂದೆ ಹೋಗುವಂತಿಲ್ಲ. ತಟ್ಟೆಗೆ ಬಿದ್ದ ಪ್ರಸಾದವನ್ನು ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿದು ಏಳಬೇಕು. ನಾವು ಹುಟ್ಟಾ ಕಲಿತದ್ದು ಅದನ್ನೇ. ಆ ಸೋಮವಾರ ಸ್ವಪ್ನಾಳನ್ನು ಕರೆದುಕೊಂಡು ನಾನೂ ದೇವದುರ್ಗಕ್ಕೆ ಹೋದೆ. ದರ್ಶನ ಮಾಡಿ ಮನೆಗೆ ಬಂದು ಗಂಜಿ ಉಣ್ಣುವುದೆಂದು ಮಾತಾಗಿತ್ತು. ಊರ ಹೆಂಗಸರು ಬಿಟ್ಟಾರೆಯೇ? ಎಷ್ಟು ಚಲೋ ಆಗಿದ್ದಾಳೆ ನೋಡು ಎಂದು ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿದರು. ನಾನು ಪಕ್ಕದಲ್ಲೇ ಕೂತೆ.

ಅಣ್ಣ ರೊಟ್ಟಿಯ ಬುಟ್ಟಿ ಹಿಡಿದು ಬಂದ. ಹಿಂದೆ ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯೆ ಸೊಪ್ಪು ಬರುತ್ತಿದ್ದವು. ಮಗಳ ಮುಂದೆ ಬಂದವನು ನಿಂತುಬಿಟ್ಟ. ಸಾಲಿನವರೆಲ್ಲ ನೋಡುತ್ತಿದ್ದರು. ಸ್ವಪ್ನಾ ಚಿಕ್ಕವಳಿದ್ದಾಗಿನ ಹಾಗೆ ಅವನ ಮುಖ ನೋಡುತ್ತಿದ್ದಳು.

"ಅಣ್ಣಾ, ಬ್ಯಾಡ. ಡಾಕ್ಟರ್ ಮೇಡಂ ಹೇಳಿದ್ದು ನೆನಪದ ಇಲ್ಲೋ?" ಅಂದೆ.

"ಪ್ರಸಾದಕ್ಕ ಪಥ್ಯ ಇಲ್ಲ ತಂಗಿ," ಅಂದ ಅವನು. "ಇವತ್ತೊಂದಿನ. ಏನೂ ಆಗಂಗಿಲ್ಲ."

ಒಂದೇ ರೊಟ್ಟಿ ಹಾಕಿದ. ಅವಳು ಎಲ್ಲವನ್ನೂ ಉಂಡಳು. ಕಾಳು, ಸೊಪ್ಪು, ಶೇಂಗಾ, ಯಾವುದನ್ನೂ ಬಿಡಲಿಲ್ಲ. ತಟ್ಟೆ ತೊಳೆದು ಕುಡಿದು, ಅಪ್ಪನ ಕಡೆ ನೋಡಿ ನಕ್ಕಳು. ಆ ನಗುವನ್ನು ಕಂಡು ನನ್ನ ಸಿಟ್ಟೂ ಇಳಿದುಹೋಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಹೊಟ್ಟೆ ಉಬ್ಬಿ ಕಲ್ಲಾಯಿತು. ವಾಂತಿ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಾಯಚೂರು ಮುಟ್ಟಿದೆವು. ಕಿರಿದಾದ ಜಾಗದಲ್ಲಿ ಕರುಳು ಪೂರ್ತಿ ಕಟ್ಟಿಕೊಂಡಿತ್ತು. ಏನು ತಿಂದಿರಿ ಎಂದು ಆತಿಯಾ ಡಾಕ್ಟರು ಕೇಳಿದರು. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಸ್ವಪ್ನಾ ಹೇಳಿದಳು.

"ನಾನ ಆಸಿಗಿ ತಿಂದೀನ್ರೀ ಮೇಡಂ. ಅಪ್ಪಗ ಗೊತ್ತಿಲ್ಲ."

ಹುಷಾರಿರಬೇಕಿತ್ತಲ್ಲಮ್ಮ, ಓದಿದವಳು ನೀನು ಎಂದು ಅವರು ಗದರಿದರು. ಹುಡುಗಿ ತಲೆಯಾಡಿಸಿ ಬಯ್ಯಿಸಿಕೊಂಡಳು. ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಅವಳನ್ನು ಆಪರೇಷನ್ನಿಗೆ ಒಳಗೆ ಒಯ್ದ ಮೇಲೆ ಡಾಕ್ಟರ ಹಿಂದೆ ಓಡಿ, ಅವಳು ಸುಳ್ಳು ಹೇಳಿದಳು, ನೀಡಿದವನು ನಾನು ಎಂದು ಹೇಳಿದ. ಅವರು ಅವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಆಪರೇಷನ್ ಮುಗಿದು ನಾಲ್ಕಾರು ದಿನ ಅವಳು ಚೇತರಿಸಿಕೊಂಡ ಹಾಗೆ ಕಂಡಳು. ಒಂದು ಮುಂಜಾನೆ ನರ್ಸು ಗಂಜಿಯ ತಿಳಿ ತಂದು, ಚಮಚದಿಂದ ಸ್ವಲ್ಪ ಕುಡಿಸಿ ನೋಡಿ ಅಂದರು. ನಾನು ಬಟ್ಟಲು ತೆಗೆದುಕೊಳ್ಳಲು ಹೋದೆ. ಸ್ವಪ್ನಾ ಬೇಡವೆಂದು ಕೈಯಾಡಿಸಿದಳು.

"ನೀನ ಉಣಸಪ್ಪಾ," ಅಂದಳು.

ಅಣ್ಣ ಚಮಚ ತೆಗೆದುಕೊಂಡ. ತಿಳಿಯಲ್ಲಿ ಅದ್ದಿದ. ಅವಳು ಬಾಯಿ ತೆರೆದು ಕಾದಳು. ಅವನ ಕೈ ಅರ್ಧಕ್ಕೆ ಬಂದು ನಿಂತಿತು. ಚಮಚ ವಾಲಿ ತಿಳಿ ಹಾಸಿಗೆಯ ಮೇಲೆ ಚೆಲ್ಲಿತು. ಸಾವಿರಾರು ಮಂದಿಗೆ ನೀಡಿದ ಕೈ ಅದು, ಎಷ್ಟು ಹೊತ್ತಾದರೂ ಮುಂದೆ ಹೋಗಲಿಲ್ಲ. ಕೊನೆಗೆ ನನ್ನ ಕೈಯಲ್ಲಿ ಚಮಚವಿಟ್ಟು ಹೊರಗೆ ಹೋದ. ನಾನು ಎರಡು ಚಮಚ ಕುಡಿಸಿದೆ. ಅವಳು ಕುಡಿದಳು, ಕಣ್ಣು ಬಾಗಿಲ ಮೇಲೇ ಇತ್ತು.

ಅಂದು ಸಂಜೆ ಚಳಿಜ್ವರ ಬಂತು. ಕರುಳು ಜೋಡಿಸಿದ ಕಡೆ ಸೋರಿ ನಂಜು ರಕ್ತಕ್ಕೆ ಏರಿತ್ತು. ಮತ್ತೆ ಅವಳ ಬಾಯಿಗೆ ಏನನ್ನೂ ಕೊಡಲು ಆಗಲಿಲ್ಲ, ಕೊಳವೆ ಹಾಕಿದ್ದರು. ಆ ವಾರ ಮುಗಿಯುವ ಮೊದಲೇ ಸ್ವಪ್ನಾ ನಮ್ಮನ್ನು ಬಿಟ್ಟು ಹೋದಳು. ದೇವದುರ್ಗಕ್ಕೆ ಒಯ್ದು ಅವಳ ಅವ್ವನ ಪಕ್ಕದಲ್ಲೇ ಮಣ್ಣು ಮಾಡಿದೆವು.

ಊರಿನಲ್ಲಿ ಅಣ್ಣ ಯಾವುದನ್ನೂ ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ ತಾನೇ ನೀಡಿದ್ದೆಂದು ಹೇಳಿದ. ಪ್ರಸಾದ ಉಂಡು ಹೋದ ಜೀವ ಪುಣ್ಯವಂತ ಜೀವ ಎಂದು ಕೆಲವರು ಸಮಾಧಾನ ಹೇಳಿದರು. ಅಂಥ ಪುಣ್ಯ ನಿಮ್ಮ ಮಕ್ಕಳಿಗೂ ಬರಲೇನು ಎಂದು ನಾನು ಕೇಳಿದೆ. ಅಂದಿನಿಂದ ಆ ಮಾತು ನಿಂತಿತು. ಅಂಗಡಿ ನಡೆಯುತ್ತಿದೆ, ಆದರೆ ಅಣ್ಣ ಭಾಂಡೆ ಇಳಿಸಿ ತಿರುಗಿ ಬಂದುಬಿಡುತ್ತಾನೆ.

ಮೊನ್ನೆ ಅವನ ಮನೆಗೆ ಹೋಗಿದ್ದೆ. ಎಷ್ಟು ದಿನ ಆ ರೊಟ್ಟಿಯನ್ನು ತಲೆಯ ಮೇಲೆ ಹೊತ್ತು ತಿರುಗುತ್ತೀ ಎಂದು ಕೇಳಿದೆ. ದಾರಿ ಅಷ್ಟು ಕಿರಿದಾಗಿತ್ತು, ಇವತ್ತಲ್ಲ ನಾಳೆ ಕಟ್ಟುತ್ತಿತ್ತು ಎಂದು ಡಾಕ್ಟರೇ ಹೇಳಿದ್ದಾರಲ್ಲ ಅಂದೆ.

"ರೊಟ್ಟಿ ನೀಡಿದ್ದಕ್ಕ ಅಲ್ಲ ತಂಗಿ," ಅಂದ. "ಅಷ್ಟಾದ ಮ್ಯಾಲೂ ಆಕಿ ನನ್ನ ಕೈಗೆ ಬಾಯಿ ತೆರದಿದ್ಲು. ನಾ ಚಮಚ ನಿನ್ನ ಕೈಯಾಗ ಕೊಟ್ಟು ಹೊರಗ ಹೋದೆ."